ಡಿಸ್ಕ್‌ಗೆ ಬೀಗವೇ, ಹೆಸರಿಗೆ ಬೀಗವೇ? ಮೇನ್‌ಫ್ರೇಮ್ ಕ್ಲಸ್ಟರ್‌ನಲ್ಲಿ ಜಿಆರ್‌ಎಸ್ ಹೊಂದಿಸುವ ಬಗೆ

ಪ್ರಶ್ನೆ: ದಾವಣಗೆರೆಯ ಮನೆಯಲ್ಲಿ ಕೂತು ಒಂದು ಸಂಸ್ಥೆಯ ಮೇನ್‌ಫ್ರೇಮ್ ನೋಡಿಕೊಳ್ಳುವ ತಂಡದಲ್ಲಿ ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿದ್ದೇನೆ. ಝಡ್‌/ಓಎಸ್‌ನ ಮೂರು ಎಲ್‌ಪಾರ್‌ಗಳಿವೆ (ಮೇನ್‌ಫ್ರೇಮನ್ನು ಭಾಗ ಮಾಡಿ ಪಡೆದ ಪ್ರತ್ಯೇಕ ಸಿಸ್ಟಮ್‌ಗಳು). ಎರಡು ಪ್ರೊಡಕ್ಷನ್, ಒಂದೇ ಸಿಸ್‌ಪ್ಲೆಕ್ಸ್ (ಕ್ಲಸ್ಟರ್), ಬೀಗಗಳನ್ನು ನೋಡಿಕೊಳ್ಳುವ ಜಿಆರ್‌ಎಸ್ ರಿಂಗ್ ವಿಧಾನದಲ್ಲಿ, ಸಿಸ್ಟಮ್‌ಗಳ ನಡುವೆ ಹಂಚಿಕೊಂಡ ಮಾಹಿತಿ ಇಡುವ ಎರಡು ಕಪ್ಲಿಂಗ್ ಫೆಸಿಲಿಟಿ. ಮೂರನೆಯದು ಟೆಸ್ಟ್. ಅದು ಸಿಸ್‌ಪ್ಲೆಕ್ಸ್‌ನ ಹೊರಗಿದೆ, ಆದರೂ ಒಂದಷ್ಟು ಡಿಸ್ಕ್ ವಾಲ್ಯೂಮ್‌ಗಳು ಮೂರಕ್ಕೂ ಆನ್‌ಲೈನ್ ಇವೆ. ರಾತ್ರಿ ಬ್ಯಾಚ್ ಹೊತ್ತಿಗೆ 'ಸ್ಟಾರ್ಟ್ ಪೆಂಡಿಂಗ್' (ಡಿಸ್ಕ್ ಕೆಲಸ ಶುರುವಾಗದೆ ಕಾದಿದೆ) ಎಂಬ ಸಂದೇಶ ಬಂದು ಜಾಬ್‌ಗಳು ನಿಂತುಬಿಡುತ್ತವೆ. 'ರಿಸರ್ವ್‌ಗಳನ್ನೆಲ್ಲ ಕನ್ವರ್ಟ್ ಮಾಡಿ, ಸ್ಟಾರ್‌ಗೆ ಹೋಗಿ' ಎನ್ನುವ ಸಲಹೆ ಬಂದಿದೆ, ಅಂದರೆ ಇಡೀ ಡಿಸ್ಕ್ ಹಿಡಿಯುವ ಬೀಗಗಳನ್ನು ಹೆಸರಿನ ಬೀಗಗಳಾಗಿ ಬದಲಿಸಿ, ಜಿಆರ್‌ಎಸ್ ಅನ್ನು ರಿಂಗ್‌ನಿಂದ ಸ್ಟಾರ್ ಎಂಬ ವಿಧಾನಕ್ಕೆ ಒಯ್ಯಿರಿ ಎಂದು. ಮಾಡಬಹುದೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸ್ಟಾರ್‌ಗೆ ಹೋಗಿ. ಆದರೆ ಟೆಸ್ಟ್ ಎಲ್‌ಪಾರ್‌ನ ಪ್ರಶ್ನೆ ಬಗೆಹರಿಯುವವರೆಗೆ ರಿಸರ್ವ್‌ಗಳನ್ನೆಲ್ಲ ಕನ್ವರ್ಟ್ ಮಾಡಬೇಡಿ. ಈ ಎರಡು ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ, ಆದರೆ ಅವು ಬೇರೆ ಬೇರೆ. ಮೊದಲನೆಯದರಲ್ಲಿ ತಪ್ಪಿದರೆ ಯಂತ್ರ ನಿಲ್ಲುತ್ತದೆ, ಅದು ತಕ್ಷಣ ಗೊತ್ತಾಗುತ್ತದೆ. ಎರಡನೆಯದರಲ್ಲಿ ತಪ್ಪಿದರೆ ಡೇಟಾ ಕೆಡುತ್ತದೆ, ಅದು ವಾರಗಳ ನಂತರ ಗೊತ್ತಾಗುತ್ತದೆ.

(ಕಮಾಂಡ್, ಪ್ಯಾರಾಮೀಟರ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಕನ್ಸೋಲ್‌ನಲ್ಲಿ ಎಂದಿನ ಅಕ್ಷರಗಳಲ್ಲೇ ಟೈಪ್ ಮಾಡಿ.)

ಮೊದಲು ನಿಮ್ಮ ಸ್ಟಾರ್ಟ್ ಪೆಂಡಿಂಗ್ ಎಲ್ಲಿಂದ ಬರುತ್ತಿದೆ ಎಂದು ನೋಡೋಣ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಒಬ್ಬನ ಗದ್ದೆಗೆ ನೀರು ಬಿಡಲು ಎರಡು ದಾರಿ. ಅವನ ಗದ್ದೆಯ ತೂಬನ್ನು ಮಾತ್ರ ಅವನ ಹೆಸರಿಗೆ ಕೊಡಬಹುದು, ಅಥವಾ ಉಪನಾಲೆಯ ಗೇಟನ್ನೇ ಇಳಿಸಿ ಉಳಿದವರೆಲ್ಲ ಕಾಯಿರಿ ಎನ್ನಬಹುದು. ಎನ್‌ಕ್ಯೂ ಎಂದರೆ ತೂಬು: ಒಂದು ಹೆಸರಿನ ಮೇಲಿನ ಬೀಗ. ರಿಸರ್ವ್ ಎಂದರೆ ಗೇಟು: ಇಡೀ ವಾಲ್ಯೂಮ್ ಒಂದು ಸಿಸ್ಟಮ್‌ನ ಪಾಲಾಗುತ್ತದೆ, ಬೇರೆ ಸಿಸ್ಟಮ್‌ಗಳು ಅದರಲ್ಲಿರುವ ಇನ್ಯಾವುದೋ ಡೇಟಾಸೆಟ್ (ಫೈಲ್) ಓದುವುದಕ್ಕೂ ಆಗುವುದಿಲ್ಲ. 3390 ಎಂಬ ಡಿಸ್ಕ್‌ನ ಮಾಡೆಲ್ 3 ಕಾಲದಲ್ಲಿ ಒಂದು ವಾಲ್ಯೂಮ್ ಎಂದರೆ 3,339 ಸಿಲಿಂಡರ್ (ಡಿಸ್ಕ್ ಜಾಗದ ಅಳತೆ). ಮಾಡೆಲ್ 9ಕ್ಕೆ 10,017 ಆಯಿತು. ಈಗಿನ ವಿಸ್ತೃತ ವಾಲ್ಯೂಮ್‌ಗಳು 65,520 ಸಿಲಿಂಡರ್ ದಾಟಿದವು. ಗೇಟು ಅದೇ, ಅದರ ಕೆಳಗಿನ ಗದ್ದೆಗಳು ಮಾತ್ರ ಇಪ್ಪತ್ತು ಪಟ್ಟು. ವಾಲ್ಯೂಮ್ ದೊಡ್ಡದಾದಷ್ಟೂ ಹಾರ್ಡ್‌ವೇರ್ ರಿಸರ್ವ್‌ನ ನೋವು ಹೆಚ್ಚುವುದು ಇದರಿಂದ. ನಿಮಗೆ ಬರುತ್ತಿರುವ ಐಒಎಸ್071ಐ ಸಂದೇಶ ಸಾಮಾನ್ಯವಾಗಿ ಇಂಥ ಗೇಟಿನ ಮುಂದೆ ನಿಂತವನ ಕೂಗು.

ಜಿಆರ್‌ಎಸ್ ಇಲ್ಲಿ ನೀರುಗಂಟಿ. ಪ್ರತಿ ಬೀಗಕ್ಕೂ ಎರಡು ಭಾಗದ ಹೆಸರು: 8 ಅಕ್ಷರದ ಕ್ಯೂನೇಮ್, 255 ಅಕ್ಷರದವರೆಗಿನ ಆರ್‌ನೇಮ್. ಡೇಟಾಸೆಟ್ ಅಲೊಕೇಶನ್ ಆದಾಗ (ಜಾಬ್‌ಗೆ ಅದನ್ನು ಒದಗಿಸಿದಾಗ) ಕ್ಯೂನೇಮ್ ಸಿಸ್‌ಡಿಎಸ್‌ಎನ್, ಆರ್‌ನೇಮ್ ಡೇಟಾಸೆಟ್‌ನ ಹೆಸರು. ವಾಲ್ಯೂಮ್‌ನ ವಿಟಾಕ್ (ಅದರಲ್ಲಿ ಯಾವ ಡೇಟಾಸೆಟ್ ಎಲ್ಲಿದೆ ಎಂಬ ಸೂಚಿ) ತಿದ್ದುವಾಗ ಕ್ಯೂನೇಮ್ ಸಿಸ್‌ವಿಟಾಕ್, ಆರ್‌ನೇಮ್ ವಾಲ್ಯೂಮ್ ಸೀರಿಯಲ್. ಬೀಗ ಕೇಳುವ ಪ್ರೋಗ್ರಾಮ್ ತನ್ನ ವ್ಯಾಪ್ತಿಯನ್ನೂ ಹೇಳುತ್ತದೆ: ಸ್ಟೆಪ್, ಸಿಸ್ಟಮ್ ಅಥವಾ ಸಿಸ್ಟಮ್ಸ್. ಕೊನೆಯ ಆ 'ಎಸ್' ಒಂದೇ ಅಕ್ಷರ, ಆದರೆ ಅದಿದ್ದರೆ ಬೀಗ ಕ್ಲಸ್ಟರ್ ತುಂಬ ಹರಡುತ್ತದೆ, ಇಲ್ಲದಿದ್ದರೆ ಆ ಒಂದು ಯಂತ್ರದೊಳಗೇ ಉಳಿಯುತ್ತದೆ.

ಪ್ರೋಗ್ರಾಮ್ ಕೇಳಿದ ವ್ಯಾಪ್ತಿಯನ್ನು ನೀವು ಬದಲಿಸುವುದು ಜಿಆರ್‌ಎಸ್‌ಆರ್‌ಎನ್‌ಎಲ್ ಎಂಬ ಪಾರ್ಮ್‌ಲಿಬ್ (ಸಿಸ್ಟಮ್ ಸೆಟ್ಟಿಂಗ್‌ಗಳ ಲೈಬ್ರರಿ) ಮೆಂಬರ್‌ನಲ್ಲಿ. ಅದರಲ್ಲಿ ಮೂರು ಪಟ್ಟಿಗಳು: ಇನ್‌ಕ್ಲೂಷನ್, ಎಕ್ಸ್‌ಕ್ಲೂಷನ್, ಕನ್ವರ್ಷನ್. ಹೆಸರು ನೋಡಿದರೆ ಸರಳ ಅನಿಸುತ್ತದೆ. ಎಡವುವುದು ಅವನ್ನು ಪರಿಶೀಲಿಸುವ ಕ್ರಮದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಿಸ್ಟಮ್ಸ್ ವ್ಯಾಪ್ತಿಯ ಕೋರಿಕೆ ಬಂದರೆ ಜಿಆರ್‌ಎಸ್ ಎಕ್ಸ್‌ಕ್ಲೂಷನ್ ಪಟ್ಟಿ ನೋಡುತ್ತದೆ. ಹೆಸರು ಸಿಕ್ಕಿದರೆ ಬೀಗ ಸ್ಥಳೀಯವಾಗುತ್ತದೆ, ಸಿಗದಿದ್ದರೆ ಗ್ಲೋಬಲ್. ಸಿಸ್ಟಮ್ ವ್ಯಾಪ್ತಿಯದಾದರೆ ಮೊದಲು ಇನ್‌ಕ್ಲೂಷನ್ ಪಟ್ಟಿ. ಅಲ್ಲಿ ಸಿಕ್ಕಿದ ಮಾತ್ರಕ್ಕೆ ಮುಗಿಯಲಿಲ್ಲ, ಮತ್ತೆ ಎಕ್ಸ್‌ಕ್ಲೂಷನ್ ಪಟ್ಟಿಯನ್ನೂ ದಾಟಬೇಕು. ಅಲೊಕೇಶನ್ ಕೇಳುವ ಸಿಸ್‌ಡಿಎಸ್‌ಎನ್ ಬೀಗ ಸಿಸ್ಟಮ್ ವ್ಯಾಪ್ತಿಯದು. ಅದು ಕ್ಲಸ್ಟರ್‌ಗೆಲ್ಲ ಅನ್ವಯಿಸುವುದು ಇನ್‌ಕ್ಲೂಷನ್ ಪಟ್ಟಿಯಲ್ಲಿ ಸಿಸ್‌ಡಿಎಸ್‌ಎನ್ ಜೆನೆರಿಕ್ ಎಂಬ ಒಂದು ಸಾಲು ಇರುವುದರಿಂದ. 'ಪಟ್ಟಿ ಚೊಕ್ಕ ಮಾಡುತ್ತೇನೆ' ಎಂದು ಹೊರಟು ಆ ಸಾಲು ಅಳಿಸಿದರೆ, ಎರಡು ಪ್ರೊಡಕ್ಷನ್ ಸಿಸ್ಟಮ್‌ಗಳು ಒಂದೇ ಡೇಟಾಸೆಟ್ ಅನ್ನು ಏಕಕಾಲಕ್ಕೆ ಓಲ್ಡ್ (ನನಗೊಬ್ಬನಿಗೇ ಬೇಕು) ಎಂದು ತೆರೆದು ಬರೆಯುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ರಿಸರ್ವ್‌ನದು ಮೂರನೇ ದಾರಿ. ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಸಿಕ್ಕಿದರೆ ಹಾರ್ಡ್‌ವೇರ್ ರಿಸರ್ವ್ ಹೋಗುತ್ತದೆ, ಎನ್‌ಕ್ಯೂ ಸ್ಥಳೀಯ. ಅಲ್ಲಿಲ್ಲದೆ ಕನ್ವರ್ಷನ್ ಪಟ್ಟಿಯಲ್ಲಿ ಸಿಕ್ಕಿದರೆ ಹಾರ್ಡ್‌ವೇರ್ ರಿಸರ್ವ್ ರದ್ದು, ಗ್ಲೋಬಲ್ ಎನ್‌ಕ್ಯೂ ಮಾತ್ರ. ಎರಡರಲ್ಲೂ ಇಲ್ಲದಿದ್ದರೆ ಗ್ಲೋಬಲ್ ಎನ್‌ಕ್ಯೂ ಕೂಡ, ಹಾರ್ಡ್‌ವೇರ್ ರಿಸರ್ವ್ ಕೂಡ. ನೀರುಗಂಟಿಯ ಒಪ್ಪಿಗೆಯನ್ನೂ ಪಡೆದು, ಗೇಟನ್ನೂ ಇಳಿಸಿದ ಹಾಗೆ. ಎಕ್ಸ್‌ಕ್ಲೂಷನ್ ಮೊದಲು ಎಂಬುದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಟೆಸ್ಟ್ ಎಲ್‌ಪಾರ್. ಅದು ನಾಲೆಗೆ ನೇರವಾಗಿ ಪಂಪ್‌ಸೆಟ್ ಇಳಿಸಿದವನಂತೆ. ನೀರುಗಂಟಿಯ ಮಾತು ಅವನಿಗೆ ತಲುಪುವುದಿಲ್ಲ, ಗೇಟು ಇಳಿದರೆ ಮಾತ್ರ ಅವನ ಪಂಪ್ ನಿಲ್ಲುತ್ತದೆ. ಹೆಸರಿನ ಬೀಗ ನಿಮ್ಮ ಎರಡು ಪ್ರೊಡಕ್ಷನ್ ಸಿಸ್ಟಮ್‌ಗಳ ನಡುವಿನ ಒಪ್ಪಂದ ಅಷ್ಟೇ, ಟೆಸ್ಟ್‌ಗೆ ಅದು ಕಾಣುವುದೇ ಇಲ್ಲ. ಸಿಸ್‌ವಿಟಾಕ್ ಕನ್ವರ್ಟ್ ಮಾಡಿದ ರಾತ್ರಿ ಏನಾಗಬಹುದು ನೋಡಿ: ಪ್ರೊಡಕ್ಷನ್ ಜಾಬ್ ಒಂದು ಹಂಚಿಕೊಂಡ ವಾಲ್ಯೂಮ್‌ನಲ್ಲಿ ಹೊಸ ಡೇಟಾಸೆಟ್‌ಗೆ ಜಾಗ ಕೇಳುತ್ತದೆ. ಖಾಲಿ ಟ್ರ್ಯಾಕ್‌ಗಳ ಲೆಕ್ಕ ಓದಿ, ವಿಟಾಕ್ ತಿದ್ದಲು ಹೊರಡುತ್ತದೆ. ಅದೇ ಕ್ಷಣ ಟೆಸ್ಟ್‌ನಿಂದಲೂ ಒಂದು ಜಾಬ್ ಅದೇ ಖಾಲಿ ಲೆಕ್ಕ ಓದಿ, ಅದೇ ಟ್ರ್ಯಾಕ್‌ಗಳನ್ನು ತನಗೆ ಬರೆದುಕೊಳ್ಳುತ್ತದೆ. ಎರಡು ಡೇಟಾಸೆಟ್, ಒಂದೇ ಟ್ರ್ಯಾಕ್. ಮೊನ್ನೆಯವರೆಗೆ ಇದನ್ನು ತಡೆಯುತ್ತಿದ್ದದ್ದು, ನಿಮಗೆ ಈಗ ತೊಂದರೆ ಕೊಡುತ್ತಿರುವ ಅದೇ ರಿಸರ್ವ್.

ಆದ್ದರಿಂದ ಮೊದಲ ಕೆಲಸ ಪಾರ್ಮ್‌ಲಿಬ್‌ನಲ್ಲಿ ಇಲ್ಲ, ಒಂದು ಎಕ್ಸೆಲ್ ಶೀಟ್‌ನಲ್ಲಿದೆ. ಪ್ರತಿ ವಾಲ್ಯೂಮ್‌ಗೂ ಒಂದು ಸಾಲು, ಅದು ಯಾವ ಯಾವ ಎಲ್‌ಪಾರ್‌ಗೆ ಆನ್‌ಲೈನ್ ಇದೆ, ಅದರಲ್ಲಿ ಯಾವ ಕ್ಯಾಟಲಾಗ್ (ಡೇಟಾಸೆಟ್‌ಗಳು ಯಾವ ವಾಲ್ಯೂಮ್‌ನಲ್ಲಿವೆ ಎಂಬ ಪಟ್ಟಿ) ಇದೆ. ಮೂರೂ ಕಡೆಯಿಂದ ಡಿವೈಸ್ ಡಿಸ್‌ಪ್ಲೇ ತೆಗೆದು ಹೋಲಿಸಿ. ಐಒ ಕಾನ್ಫಿಗರೇಶನ್ ಕಾಗದವನ್ನು ನಂಬಿ ಕೂರಬೇಡಿ. ಅದರಲ್ಲಿ ಆಫ್‌ಲೈನ್ ಎಂದಿರುವುದನ್ನು ಯಾರೋ ಒಂದು ವೇರಿ ಕಮಾಂಡ್‌ನಿಂದ ಆನ್‌ಲೈನ್ ಮಾಡಿರಬಹುದು.

ಆ ಶೀಟ್ ಸಿದ್ಧವಾದ ಮೇಲೆ ಮೂರು ಮಾರ್ಗ. ಟೆಸ್ಟನ್ನು ಸಿಸ್‌ಪ್ಲೆಕ್ಸ್‌ಗೆ ಸೇರಿಸುವುದು ಒಂದು. ಅಂದವಾಗಿ ಕಾಣುತ್ತದೆ, ಆದರೆ ಟೆಸ್ಟ್‌ನ ಕುಚೇಷ್ಟೆಗಳೂ ಪ್ರೊಡಕ್ಷನ್ ಒಳಗೆ ಬರುತ್ತವೆ. ನಾವು ಇದನ್ನು ಸಲಹೆ ಮಾಡುವುದಿಲ್ಲ. ಹಂಚಿಕೆಯನ್ನೇ ಕಡಿದು, ಬೇಕಾದ ಡೇಟಾವನ್ನು ಟೆಸ್ಟ್‌ನ ಸ್ವಂತ ವಾಲ್ಯೂಮ್‌ಗಳಿಗೆ ನಕಲು ಮಾಡಿಕೊಡುವುದು ಎರಡನೆಯದು. ನಮ್ಮ ಮತ ಇದಕ್ಕೆ. ಜಾಗ ಸ್ವಲ್ಪ ಹೆಚ್ಚು ಬೇಕು, ಆದರೆ ಇಡೀ ಸಮಸ್ಯೆಯೇ ಇಲ್ಲವಾಗುತ್ತದೆ. ಅದು ಆಗುವವರೆಗೆ ಮೂರನೆಯದು: ಹಂಚಿಕೊಂಡ ವಾಲ್ಯೂಮ್‌ಗಳನ್ನು ಹೆಸರು ಹಿಡಿದು ಎಕ್ಸ್‌ಕ್ಲೂಷನ್ ಪಟ್ಟಿಗೆ ಹಾಕುವುದು. ಸಿಸ್‌ವಿಟಾಕ್ ಜೊತೆಗೆ ಆರ್‌ನೇಮ್ ಆಗಿ ಆ ವಾಲ್ಯೂಮ್‌ನ 6 ಅಕ್ಷರದ ಸೀರಿಯಲ್, ಟೈಪ್ ಸ್ಪೆಸಿಫಿಕ್. ಕನ್ವರ್ಷನ್ ಪಟ್ಟಿಯಲ್ಲಿ ಸಿಸ್‌ವಿಟಾಕ್ ಪೂರ್ತಿಯಾಗಿ ಇದ್ದರೂ ಪರವಾಗಿಲ್ಲ, ಎಕ್ಸ್‌ಕ್ಲೂಷನ್ ಮೊದಲು ಪರಿಶೀಲನೆಯಾಗುವುದರಿಂದ ಆ ವಾಲ್ಯೂಮ್‌ಗಳಿಗೆ ಹಾರ್ಡ್‌ವೇರ್ ರಿಸರ್ವ್ ಉಳಿಯುತ್ತದೆ.

ಮೂರನೆಯದು ಅರ್ಧ ರಕ್ಷಣೆ ಮಾತ್ರ. ವಿಟಾಕ್ ಉಳಿದುಕೊಳ್ಳುತ್ತದೆ, ಡೇಟಾಸೆಟ್ ಒಳಗಿನ ಬರಹ ಅಲ್ಲ. ಸಿಸ್‌ಡಿಎಸ್‌ಎನ್ ಬೀಗಕ್ಕೆ ರಿಸರ್ವ್ ಇಲ್ಲವೇ ಇಲ್ಲ. ಟೆಸ್ಟ್‌ನಲ್ಲಿ ಓಲ್ಡ್ ಎಂದು ತೆರೆದವನಿಗೆ ಪ್ರೊಡಕ್ಷನ್‌ನಲ್ಲಿ ಯಾರಿದ್ದಾರೆ ಎಂದು ತಿಳಿಯುವ ದಾರಿ ಇಲ್ಲ. ಆ ವಾಲ್ಯೂಮ್‌ಗಳಲ್ಲಿ ಪಿಡಿಎಸ್‌ಇ (ಹಲವು ಮೆಂಬರ್‌ಗಳಿರುವ ಲೈಬ್ರರಿ ಬಗೆಯ ಡೇಟಾಸೆಟ್) ಇದ್ದರೆ ಇವತ್ತೇ ಅಲ್ಲಿಂದ ಎತ್ತಿಬಿಡಿ. ಪಿಡಿಎಸ್‌ಇ ಹಂಚಿಕೆಯ ವಿಸ್ತೃತ ವಿಧಾನ ಒಂದೇ ಸಿಸ್‌ಪ್ಲೆಕ್ಸ್‌ನೊಳಗೆ ಮಾತ್ರ ಕೆಲಸ ಮಾಡುತ್ತದೆ, ಹೊರಗಿನವನು ಮುಟ್ಟಿದರೆ ಅದು ಒಡೆಯುತ್ತದೆ. ರಾಕ್‌ಎಫ್ (ಭದ್ರತೆ, ಪ್ರವೇಶಾನುಮತಿ ನೋಡುವ ಸಾಫ್ಟ್‌ವೇರ್) ಡೇಟಾಬೇಸನ್ನೂ ಟೆಸ್ಟ್ ಹಂಚಿಕೊಂಡಿದ್ದರೆ ಅದರ ರಿಸರ್ವ್ ಮುಟ್ಟಬೇಡಿ.

'ಎಲ್ಲ ಕನ್ವರ್ಟ್ ಮಾಡಿ' ಎನ್ನುವ ಸಲಹೆಯಲ್ಲಿ ತಿರುಳಿಲ್ಲ ಎಂದಲ್ಲ. ಕನ್ವರ್ಷನ್ ಪಟ್ಟಿಯಲ್ಲಿ ಟೈಪ್ ಪ್ಯಾಟರ್ನ್, ಕ್ಯೂನೇಮ್ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ, ಅಷ್ಟೇ, ಒಂದೇ ಸಾಲು. ಹೊರಗಿನವರು ಯಾರೂ ಇಲ್ಲದ ಸ್ಟಾರ್‌ನಲ್ಲಿ ಅದೇ ಸರಿಯಾದ ಸಾಲು. ನಿಮ್ಮಲ್ಲಿ ಹಂಚಿಕೆ ಕಡಿಯುವವರೆಗೆ ಹೆಸರು ಹೆಸರಾಗಿ ಹೋಗಿ: ಸಿಸ್‌ವಿಟಾಕ್, ಎಸ್‌ಪಿಎಫ್‌ಎಡಿಟ್, ಲಿಂಕೇಜ್ ಎಡಿಟರ್‌ನ ಸಿಸ್‌ಐಇಡಬ್ಲ್ಯುಎಲ್‌ಪಿ, ಸ್ಟೋರೇಜ್ ನಿರ್ವಹಿಸುವ ಎಸ್‌ಎಂಎಸ್‌ನ ಐಜಿಡಿಸಿಡಿಎಸ್‌ಎಕ್ಸ್‌ಎಸ್. ಕ್ಯಾಟಲಾಗ್‌ನ ಸಿಸ್‌ಐಜಿಜಿವಿ2 ಮತ್ತು ಸಿಸ್‌ಝಡ್‌ವಿವಿಡಿಎಸ್ ಜೋಡೆತ್ತು. ಒಂದನ್ನು ಕನ್ವರ್ಟ್ ಮಾಡಿ ಇನ್ನೊಂದನ್ನು ಬಿಟ್ಟರೆ, ಒಂದು ಸಿಸ್ಟಮ್ ಹೆಸರಿನ ಬೀಗ ಹಿಡಿದು ಗೇಟಿಗೆ ಕಾಯುತ್ತದೆ, ಇನ್ನೊಂದು ಗೇಟು ಹಿಡಿದು ಹೆಸರಿಗೆ ಕಾಯುತ್ತದೆ. ಜಾಬ್‌ಗಳ ಸಾಲನ್ನು ನೋಡಿಕೊಳ್ಳುವ ಜೆಇಎಸ್2ರ ಚೆಕ್‌ಪಾಯಿಂಟ್ ಡಿಸ್ಕ್‌ನಲ್ಲಿದ್ದರೆ ಅದನ್ನು ಬೇರೆ ಏನೂ ಇಲ್ಲದ ವಾಲ್ಯೂಮ್‌ನಲ್ಲಿಟ್ಟು, ಅದರ ರಿಸರ್ವ್ ಹಾಗೇ ಬಿಡಿ. ಪಕ್ಕದ ಮನೆ ಇಲ್ಲದವನ ಗೇಟು ಯಾರಿಗೂ ಅಡ್ಡಿಯಲ್ಲ.

ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಇನ್ನೊಂದು ಬಗೆಯ ಹೆಸರುಗಳಿರುತ್ತವೆ: ಪ್ರತಿ ಸಿಸ್ಟಮ್‌ಗೂ ತನ್ನದೇ ಪ್ರತಿ ಇರುವ, ಹೆಸರು ಮಾತ್ರ ಒಂದೇ ಆಗಿರುವ ಡೇಟಾಸೆಟ್‌ಗಳು. ಸಿಸ್1.ಲಾಗ್‌ರೆಕ್, ಸಿಸ್1.ಮ್ಯಾನ್, ಸಿಸ್1.ಡಂಪ್, ಸಿಸ್1.ಪೇಜ್ ಇತ್ಯಾದಿ. ಐಬಿಎಂ ಕೊಡುವ ಮೂಲ ಪಟ್ಟಿಯಲ್ಲಿ ಇವು ಆಗಲೇ ಇವೆ. ತಾತ್ಕಾಲಿಕ ಡೇಟಾಸೆಟ್‌ಗಳನ್ನೂ ಸೇರಿಸಿ. ಅವುಗಳ ಹೆಸರು 'ಸಿಸ್' ಮತ್ತು ವರ್ಷ-ದಿನ, ಆಮೇಲೆ 'ಟಿ' ಮತ್ತು ಸಮಯ, ಆಮೇಲೆ 'ಆರ್‌ಎ000' ಎಂಬ ಮಾದರಿಯಲ್ಲೇ ಬರುವುದರಿಂದ ಪ್ಯಾಟರ್ನ್ ಟೈಪ್‌ನ ಒಂದು ಸಾಲಿನಲ್ಲಿ ಹಿಡಿಯಬಹುದು. ಜಾಬ್ ಮುಗಿದೊಡನೆ ಸಾಯುವ ಹೆಸರುಗಳನ್ನು ಕ್ಲಸ್ಟರ್‌ಗೆಲ್ಲ ಸಾರಿ ಹೇಳುವುದು ದಂಡ.

ಜೆನೆರಿಕ್ ಟೈಪ್ ಬಳಸುವಾಗ ಕೈ ಬಿಗಿ ಹಿಡಿಯಿರಿ. ಜೆನೆರಿಕ್ ಎಂದರೆ 'ಈ ಅಕ್ಷರಗಳಿಂದ ಶುರುವಾಗುವ ಎಲ್ಲವೂ'. ಸಿಸ್‌ಡಿಎಸ್‌ಎನ್ ಎಕ್ಸ್‌ಕ್ಲೂಷನ್‌ನಲ್ಲಿ 'ಪೇ.ಟೆಸ್ಟ್' ಎಂದು ಬರೆದರೆ 'ಪೇ.ಟೆಸ್ಟ್.ಡೇಟಾ' ಜೊತೆಗೆ 'ಪೇ.ಟೆಸ್ಟೆಡ್.ಮಾಸ್ಟರ್' ಕೂಡ ರಕ್ಷಣೆ ಕಳೆದುಕೊಳ್ಳುತ್ತದೆ. ಕೊನೆಯಲ್ಲಿ ಚುಕ್ಕಿ ಇಟ್ಟಿದ್ದರೆ ಉಳಿಯುತ್ತಿತ್ತು. ಸ್ಪೆಸಿಫಿಕ್‌ನಲ್ಲಿ ತದ್ವಿರುದ್ಧ: ಉದ್ದವೂ ಸೇರಿ ಒಂದೊಂದು ಅಕ್ಷರ ಹೊಂದಬೇಕು. ಎಸ್‌ಪಿಎಫ್‌ಎಡಿಟ್‌ನ ಆರ್‌ನೇಮ್‌ನಲ್ಲಿ ಡೇಟಾಸೆಟ್ ಹೆಸರನ್ನು ಖಾಲಿ ಜಾಗಗಳಿಂದ 44 ಅಕ್ಷರಕ್ಕೆ ತುಂಬಿ, ಅದರ ಮೇಲೆ ಮೆಂಬರ್ ಹೆಸರು ಇರುತ್ತದೆ. ಬರಿಯ ಡೇಟಾಸೆಟ್ ಹೆಸರು ಬರೆದ ಸ್ಪೆಸಿಫಿಕ್ ಸಾಲು ಯಾರಿಗೂ ಹೊಂದದೆ ಸುಮ್ಮನೆ ಬಿದ್ದಿರುತ್ತದೆ.

ಎರಡೂ ಸಿಸ್ಟಮ್‌ಗಳ ಪಟ್ಟಿ ಒಂದೇ ಆಗಿರಬೇಕು, ಸಾಲುಗಳ ಕ್ರಮ ಕೂಡ. ವ್ಯತ್ಯಾಸವಿದ್ದರೆ ಐಪಿಎಲ್ (ಬೂಟ್) ಆಗುತ್ತಿರುವ ಸಿಸ್ಟಮ್ ಒಳಗೆ ಬರದೆ 0ಎ3 ವೇಯ್ಟ್ ಸ್ಟೇಟ್‌ನಲ್ಲಿ ನಿಲ್ಲುತ್ತದೆ. ಎರಡಕ್ಕೂ ಒಂದೇ ಮೆಂಬರ್ ಹಂಚಿಬಿಡಿ, ಎರಡು ಪ್ರತಿ ಇಟ್ಟುಕೊಳ್ಳಬೇಡಿ.

ಇನ್ನು ಸ್ಟಾರ್. ರಿಂಗ್‌ನಲ್ಲಿ ಬೀಗದ ಸುದ್ದಿ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಸುತ್ತುತ್ತದೆ. ಸುತ್ತು ಮುಗಿಯುವವರೆಗೆ ಕೇಳಿದವನು ಕಾಯಬೇಕು, ಸಿಸ್ಟಮ್ ಹೆಚ್ಚಿದಷ್ಟೂ ಸುತ್ತು ಉದ್ದ. 1996ರಲ್ಲಿ ಓಎಸ್‌/390 ಎರಡನೇ ಬಿಡುಗಡೆಯೊಂದಿಗೆ ಬಂದ ಸ್ಟಾರ್‌ನಲ್ಲಿ ಪ್ರತಿ ಸಿಸ್ಟಮ್ ನೇರವಾಗಿ ಕಪ್ಲಿಂಗ್ ಫೆಸಿಲಿಟಿಯ ಐಎಸ್‌ಜಿಲಾಕ್ ಎಂಬ ಲಾಕ್ ಸ್ಟ್ರಕ್ಚರ್ ಅನ್ನು ಕೇಳುತ್ತದೆ, ಪೈಪೋಟಿ ಇಲ್ಲದಿದ್ದರೆ ಮೈಕ್ರೋಸೆಕೆಂಡುಗಳಲ್ಲಿ ಉತ್ತರ. ಸ್ಟಾರ್‌ನಲ್ಲಿರುವವರೆಲ್ಲ ಒಂದೇ ಸಿಸ್‌ಪ್ಲೆಕ್ಸ್‌ನವರೇ ಆಗಿರಬೇಕು.

ಮೊದಲು ಸಿಸ್‌ಪ್ಲೆಕ್ಸ್ ಕಪಲ್ ಡೇಟಾಸೆಟ್, ಅಂದರೆ ಸಿಸ್‌ಪ್ಲೆಕ್ಸ್‌ನ ಸ್ಥಿತಿಯನ್ನು ಸಿಸ್ಟಮ್‌ಗಳು ಹಂಚಿಕೊಳ್ಳುವ ಫೈಲ್. ಐಎಕ್ಸ್‌ಸಿಎಲ್1ಡಿಎಸ್‌ಯು ಯುಟಿಲಿಟಿಯಿಂದ ಹೊಸ ಜೋಡಿ ಫಾರ್ಮ್ಯಾಟ್ ಮಾಡುವಾಗ ಐಟಂ ನೇಮ್ ಜಿಆರ್‌ಎಸ್, ನಂಬರ್ 1 ಎಂಬ ಸಾಲು ಇರಲೇಬೇಕು. ಹೆಚ್ಚು ಜನ ಎಡವುವುದು ಇಲ್ಲೇ. ಹಳೆಯ ಫಾರ್ಮ್ಯಾಟ್ ಜಾಬ್‌ನಲ್ಲಿ ಗ್ರೂಪ್, ಮೆಂಬರ್ ಸಾಲುಗಳಿರುತ್ತವೆ, ಇದು ಇರುವುದಿಲ್ಲ. ಹೊಸದರಲ್ಲೊಂದನ್ನು ಸೆಟ್‌ಎಕ್ಸ್‌ಸಿಎಫ್ ಕಪಲ್, ಎಕಪಲ್ ಎಂದು ಪರ್ಯಾಯವಾಗಿ ಸೇರಿಸಿ, ಪಿಸ್ವಿಚ್‌ನಿಂದ ಮುಖ್ಯವಾಗಿಸಿ, ಎರಡನೆಯದನ್ನು ಮತ್ತೆ ಎಕಪಲ್ ಮಾಡಿ. ಇದಕ್ಕೆ ಐಪಿಎಲ್ ಬೇಡ.

ನಂತರ ಸಿಎಫ್‌ಆರ್‌ಎಂ ಪಾಲಿಸಿಯಲ್ಲಿ (ಕಪ್ಲಿಂಗ್ ಫೆಸಿಲಿಟಿಯಲ್ಲಿ ಏನೇನು ಎಲ್ಲಿರಬೇಕೆಂಬ ನಿಯಮಗಳು) ಐಎಸ್‌ಜಿಲಾಕ್ ಸ್ಟ್ರಕ್ಚರ್. ಗಾತ್ರವನ್ನು ಐಬಿಎಂನ ಸಿಎಫ್‌ಸೈಜರ್‌ನಿಂದ ಪಡೆಯಿರಿ. ಲಾಕ್ ಎಂಟ್ರಿಗಳ ಸಂಖ್ಯೆ ಯಾವಾಗಲೂ 2ರ ಘಾತವಾದ್ದರಿಂದ ಸ್ವಲ್ಪ ಹೆಚ್ಚಿಸಿದರೆ ಏನೂ ಸಿಗುವುದಿಲ್ಲ, ಹೆಚ್ಚಿಸುವುದಾದರೆ ದುಪ್ಪಟ್ಟು. ಪ್ರಿಫ್‌ಲಿಸ್ಟ್‌ನಲ್ಲಿ (ಆದ್ಯತೆಯ ಪಟ್ಟಿ) ಎರಡೂ ಕಪ್ಲಿಂಗ್ ಫೆಸಿಲಿಟಿಗಳ ಹೆಸರಿರಲಿ, ಎರಡನೆಯದರಲ್ಲಿ ಈ ಸ್ಟ್ರಕ್ಚರ್‌ಗೆ ಖಾಲಿ ಜಾಗವೂ ಇರಲಿ. ಸ್ಟ್ರಕ್ಚರ್ ಕಳೆದುಹೋಗಿ ಮರುನಿರ್ಮಾಣಕ್ಕೆ ಜಾಗ ಸಿಗದಿದ್ದರೆ ಸಿಸ್ಟಮ್‌ಗಳು 0ಎ3ಗೆ ಬೀಳುತ್ತವೆ. ಇದನ್ನು ಪ್ರತ್ಯೇಕ ಯಂತ್ರದ ಕಪ್ಲಿಂಗ್ ಫೆಸಿಲಿಟಿಯಲ್ಲೇ ಇಡಬೇಕೆಂಬ ಕಡ್ಡಾಯವಿಲ್ಲ: ಉಳಿದ ಸಿಸ್ಟಮ್‌ಗಳು ತಮ್ಮ ಬೀಗಗಳನ್ನು ತಮ್ಮ ಮೆಮೊರಿಯಿಂದಲೇ ಮತ್ತೆ ಬರೆಯುತ್ತವೆ, ಸತ್ತ ಸಿಸ್ಟಮ್‌ನ ಬೀಗಗಳು ಯಾರಿಗೂ ಬೇಡ.

ಇವೆಲ್ಲ ಸರಿಯಿದ್ದರೆ ಒಂದೇ ಕಮಾಂಡ್: ಸೆಟ್‌ಜಿಆರ್‌ಎಸ್ ಮೋಡ್=ಸ್ಟಾರ್. ಪರಿವರ್ತನೆ ನಡೆಯುವಾಗ ಗ್ಲೋಬಲ್ ಬೀಗದ ಕೋರಿಕೆಗಳು ತಡೆಹಿಡಿಯಲ್ಪಡುತ್ತವೆ, ಆದ್ದರಿಂದ ಆನ್‌ಲೈನ್ ವ್ಯವಹಾರ ಕಡಿಮೆ ಇರುವ ಹೊತ್ತು ಆರಿಸಿ. ಹಿಂದಿರುಗುವ ಕಮಾಂಡ್ ಇಲ್ಲ. ರಿಂಗ್‌ಗೆ ಮರಳಲು ಎಲ್ಲ ಸಿಸ್ಟಮ್‌ಗಳನ್ನೂ ಒಟ್ಟಿಗೆ ಇಳಿಸಿ ಐಪಿಎಲ್ ಮಾಡಬೇಕು. ಅದೇ ದಿನ ಪಾರ್ಮ್‌ಲಿಬ್‌ನ ಐಇಎಎಸ್‌ವೈಎಸ್‌ನಲ್ಲಿ ಜಿಆರ್‌ಎಸ್=ಸ್ಟಾರ್ ಎಂದು ಬದಲಿಸಿ. ಮರೆತರೆ ಮುಂದಿನ ಐಪಿಎಲ್‌ನಲ್ಲಿ ಆ ಸಿಸ್ಟಮ್ ರಿಂಗ್ ಹುಡುಕುತ್ತಾ ಹೊರಗೇ ಉಳಿಯುತ್ತದೆ.

ಕನ್ವರ್ಷನ್ ಪಟ್ಟಿಯನ್ನು ಬೇರೆ ದಿನ ಹಾಕಿ. ಸೆಟ್ ಜಿಆರ್‌ಎಸ್‌ಆರ್‌ಎನ್‌ಎಲ್ ಕಮಾಂಡ್ ಅನ್ನು ಒಂದು ಸಿಸ್ಟಮ್‌ನಲ್ಲಿ ಕೊಟ್ಟರೆ ಎರಡಕ್ಕೂ ಅನ್ವಯ. ಬದಲಾವಣೆಗೆ ಒಳಪಡುವ ಹೆಸರನ್ನು ಯಾರಾದರೂ ಹಿಡಿದಿದ್ದರೆ ಅದು ಕಾಯುತ್ತದೆ, ಆ ಹೆಸರು ಕೇಳುವ ಹೊಸಬರನ್ನೂ ತಡೆದಿಡುತ್ತದೆ. ಸಿಸ್‌ವಿಟಾಕ್‌ನಂಥವನ್ನು ಯಾರೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಬದಲಾವಣೆ ಸಲೀಸು. ಸಿಸ್‌ಡಿಎಸ್‌ಎನ್ ಹೆಸರುಗಳು ಹಾಗಲ್ಲ. ವಾರಗಟ್ಟಲೆ ನಿಲ್ಲದೆ ಓಡುವ ಸಿಐಸಿಎಸ್ (ಆನ್‌ಲೈನ್ ವ್ಯವಹಾರ ನಡೆಸುವ ಸಾಫ್ಟ್‌ವೇರ್) ಒಂದು ಫೈಲ್ ಹಿಡಿದು ಕೂತಿದ್ದರೆ ನಿಮ್ಮ ಬದಲಾವಣೆಯೂ, ಅದರ ಹಿಂದೆ ನಿಂತವರೂ ಕಾಯುತ್ತಲೇ ಇರುತ್ತಾರೆ. ಕಮಾಂಡ್ ಕೊಡುವ ಮುನ್ನವೇ ಆ ಹೆಸರುಗಳನ್ನು ಯಾರು ಹಿಡಿದಿದ್ದಾರೆ ನೋಡಿ.

ನೋಡುವುದು ಹೀಗೆ. ಡಿ ಜಿಆರ್‌ಎಸ್,ಸಿ ಎಂದರೆ ಈ ಕ್ಷಣ ಪೈಪೋಟಿ ಇರುವ ಹೆಸರುಗಳು. ಒಂದೇ ಡೇಟಾಸೆಟ್ ಬೇಕಾದರೆ ಡಿ ಜಿಆರ್‌ಎಸ್,ಆರ್‌ಇಎಸ್= ಕೊಟ್ಟು ಕಂಸದಲ್ಲಿ ಸಿಸ್‌ಡಿಎಸ್‌ಎನ್, ಅಲ್ಪವಿರಾಮ, ಡೇಟಾಸೆಟ್ ಹೆಸರು. ಐಎಸ್‌ಜಿ343ಐ ಎಂಬ ಉತ್ತರದಲ್ಲಿ ಪ್ರತಿ ಸಾಲಿಗೂ ಸಿಸ್ಟಮ್ ಹೆಸರು, ಜಾಬ್ ಹೆಸರು, ಎಎಸ್‌ಐಡಿ (ಅದರ ಮೆಮೊರಿ ಜಾಗದ ಸಂಖ್ಯೆ), ಟಿಸಿಬಿ (ಟಾಸ್ಕ್‌ನ ದಾಖಲೆ) ವಿಳಾಸ, ಎಕ್ಸ್‌ಕ್ಲೂಸಿವ್ ಅಥವಾ ಶೇರ್, ಕೊನೆಗೆ ಓನ್ ಅಥವಾ ವೇಯ್ಟ್. ಓನ್ ಎಂದಿರುವ ಸಾಲಿನ ಸಿಸ್ಟಮ್ ಹೆಸರನ್ನು ಮೊದಲು ಓದಿ. ಕಾಯುವವನು ಒಂದು ಸಿಸ್ಟಮ್‌ನಲ್ಲಿ, ಹಿಡಿದವನು ಇನ್ನೊಂದರಲ್ಲಿ ಇರುವುದು ಸಾಮಾನ್ಯ, ಜನ ತಮ್ಮ ಸಿಸ್ಟಮ್‌ನಲ್ಲೇ ಹುಡುಕುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ಸರಪಳಿ ಉದ್ದವಿದ್ದರೆ ಡಿ ಜಿಆರ್‌ಎಸ್,ಅನಲೈಝ್,ಬ್ಲಾಕರ್ ಮೂಲವನ್ನು ತೋರಿಸುತ್ತದೆ. ಸ್ಟಾರ್ಟ್ ಪೆಂಡಿಂಗ್ ಬಂದ ಡಿವೈಸ್‌ಗೆ ಡಿ ಜಿಆರ್‌ಎಸ್,ಡಿಇವಿ= ಎಂದು ಡಿವೈಸ್ ಸಂಖ್ಯೆ ಕೊಡಿ. ಅಲ್ಲಿ ಯಾರೂ ಕಾಣದಿದ್ದರೆ ಹಿಡಿದವನು ಟೆಸ್ಟ್ ಎಂದು ಅನುಮಾನಿಸಿ, ಅವನ ಕನ್ಸೋಲ್‌ಗೇ ಹೋಗಿ ನೋಡಿ.

ರಾತ್ರಿ ನಿಲ್ಲುವ ಜಾಬ್‌ಗಳೆಲ್ಲ ರಿಸರ್ವ್‌ನವೇ ಆಗಿರುವುದಿಲ್ಲ. ಐಇಎಫ್099ಐ, ಅಂದರೆ ಜಾಬ್ ಡೇಟಾಸೆಟ್‌ಗೆ ಕಾಯುತ್ತಿದೆ ಎಂಬ ಸಂದೇಶ ಬಂದಿದ್ದರೆ ಅದು ಸಿಸ್‌ಡಿಎಸ್‌ಎನ್ ಜಗಳ, ಅದಕ್ಕೆ ಸ್ಟಾರ್ ಮದ್ದಲ್ಲ. ಜಾಬ್‌ನ ಐದನೇ ಸ್ಟೆಪ್‌ನಲ್ಲಿ ಓಲ್ಡ್ ಎಂದಿದ್ದರೆ ಮೊದಲ ಸ್ಟೆಪ್‌ನಿಂದಲೇ ಎಕ್ಸ್‌ಕ್ಲೂಸಿವ್ ಬೀಗ ಬೀಳುತ್ತದೆ. ಉಲ್ಟಾ ಇದ್ದಾಗ, ಮೊದಲು ಓಲ್ಡ್, ಆಮೇಲೆ ಬರೀ ಶೇರ್, ಝಡ್‌/ಓಎಸ್ 2.1ರಿಂದ ಜಾಬ್ ಕಾರ್ಡ್‌ನ ಡಿಎಸ್‌ಎನ್‌ಕ್ಯೂಎಸ್‌ಎಚ್‌ಆರ್ ಬಳಸಿ ಬೀಗವನ್ನು ನಡುವೆಯೇ ಶೇರ್‌ಗೆ ಇಳಿಸಬಹುದು. ವಿಸ್ಯಾಮ್ ಫೈಲ್‌ಗೆ ಶೇರ್‌ಆಪ್ಷನ್ಸ್ 3,3 ಕೊಟ್ಟಿದ್ದರೆ ಬರಹದ ಹೊಣೆ ಪೂರ್ತಿ ಪ್ರೋಗ್ರಾಮ್‌ನದು. ಅಲ್ಲಿ ಜಿಆರ್‌ಎಸ್ ಎಷ್ಟೇ ಸರಿಯಾಗಿದ್ದರೂ ಎರಡು ಕಡೆಯಿಂದ ಬರೆದರೆ ಫೈಲ್ ಕೆಡುತ್ತದೆ.

ಸ್ಟಾರ್ ಆದ ವಾರ, ಕಾರ್ಯಕ್ಷಮತೆ ಅಳೆಯುವ ಆರ್‌ಎಂಎಫ್‌ನ ಕಪ್ಲಿಂಗ್ ಫೆಸಿಲಿಟಿ ವರದಿಯಲ್ಲಿ ಐಎಸ್‌ಜಿಲಾಕ್‌ನ ಫಾಲ್ಸ್ ಕಂಟೆನ್ಷನ್ ನೋಡಿ. ಎರಡು ಬೇರೆ ಹೆಸರುಗಳು ಹ್ಯಾಶ್ ಆಗಿ ಒಂದೇ ಎಂಟ್ರಿಗೆ ಬಿದ್ದಾಗ ಆಗುವ ಹುಸಿ ಪೈಪೋಟಿ ಅದು. 1 ಪರ್ಸೆಂಟ್‌ಗಿಂತ ಕೆಳಗಿದ್ದರೆ ಬಿಡಿ, ಮೇಲಿದ್ದರೆ ಗಾತ್ರ ದುಪ್ಪಟ್ಟು ಮಾಡಿ.

ಒಂದು ಶಾಂತ ಹಗಲಿನಲ್ಲಿ ಮರುನಿರ್ಮಾಣವನ್ನೂ ನೀವೇ ನಡೆಸಿ ನೋಡಿ: ಸೆಟ್‌ಎಕ್ಸ್‌ಸಿಎಫ್ ಸ್ಟಾರ್ಟ್, ರೀಬಿಲ್ಡ್, ಸ್ಟ್ರಕ್ಚರ್ ಹೆಸರು ಐಎಸ್‌ಜಿಲಾಕ್, ಲೋಕ್=ಅದರ್. ಆಮೇಲೆ ಡಿ ಎಕ್ಸ್‌ಸಿಎಫ್,ಎಸ್‌ಟಿಆರ್ ಕೊಟ್ಟು ಆ ಸ್ಟ್ರಕ್ಚರ್‌ನ ವಿವರ ತೆಗೆಯಿರಿ. ಅದು ಎರಡನೇ ಕಪ್ಲಿಂಗ್ ಫೆಸಿಲಿಟಿಯ ಹೆಸರು ತೋರಿಸಬೇಕು, ಎರಡೂ ಪ್ರೊಡಕ್ಷನ್ ಸಿಸ್ಟಮ್‌ಗಳು ಕನೆಕ್ಷನ್ ಪಟ್ಟಿಯಲ್ಲಿ ಆಕ್ಟಿವ್ ಎಂದಿರಬೇಕು. ಹಾಗಿದ್ದರೆ ಅದೇ ಕಮಾಂಡ್ ಮತ್ತೊಮ್ಮೆ ಕೊಟ್ಟು ಮೊದಲಿನ ಜಾಗಕ್ಕೆ ತನ್ನಿ.